ಖಾಲಿ ಉಳಿದ ಬಾಗಿಲಿನ ಕೋಣೆ

ಇದು ನಡೆದದ್ದೇ; ಹಕ್ಕಿಗಳ ಮಾತಿನಲ್ಲಿ ನಿಜ ಎಷ್ಟಿರುತ್ತದೋ ಅಷ್ಟು. ಗಂಡು ಗೀಜಗ ಕಟ್ಟಿದ ಗೂಡನ್ನು ನೋಡಲು ಬಂದ ಹೆಣ್ಣು ಕೊಕ್ಕು ತಿರುವಿ, "ಇಂಥದ್ದರಲ್ಲಿ ಮೊಟ್ಟೆ ಇಡುವವಳು ನಾನಲ್ಲ. ಅಮಾವಾಸ್ಯೆಗೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಪಕ್ಕದ ಮರದವನೇ ಸರಿ" ಎಂದು ಹಾರಿಹೋಯಿತು.

ಗಾಬರಿಬಿದ್ದ ಗಂಡು ತಾತನಲ್ಲಿಗೆ ಓಡಿತು. ತಾತ ಗೂಡು ಕಟ್ಟುವ ವಿದ್ಯೆಯನ್ನು ಸಂಜೆಯವರೆಗೂ ಹೇಳಿತು. ಹುಲ್ಲಿನ ಮಾತಿನ ನಡುವೆ ತನ್ನ ಮದುವೆ ಬಂತು, ಗಂಟಿನ ಮಾತಿನ ನಡುವೆ ಭಾವಮೈದುನನ ಜಗಳ, ಕೊಂಬೆಯ ಮಾತಿನ ನಡುವೆ ಹಾವಿನ ಕಥೆ. ತಲೆ ಗಿರ್ರೆಂದ ಗಂಡು ಆ ಮಾತನ್ನೆಲ್ಲ ವಿಂಗಡಿಸಿಕೊಡಲು ಜೇನುನೊಣವನ್ನು ಕರೆತಂದಿತು.

"ನನಗೆ ಬಿಡಪ್ಪ" ಎಂದ ಜೇನು ಮೇಣದ ಕೋಣೆಗಳನ್ನು ಕಟ್ಟಿ, ಹುಲ್ಲಿನ ಮಾತು ಒಂದರಲ್ಲಿ, ಗಂಟಿನದು ಇನ್ನೊಂದರಲ್ಲಿ, ಕೊಂಬೆಯದು ಮತ್ತೊಂದರಲ್ಲಿ ತುಂಬಿ, ಹರಟೆಯನ್ನೆಲ್ಲ ಹೊರಗೆ ಗುಡಿಸಿತು. ಬಾಗಿಲಿನ ಮಾತಿಗೆಂದು ಕಟ್ಟಿದ ಕೋಣೆ ಮಾತ್ರ ಖಾಲಿ ಉಳಿಯಿತು.

"ತಾತ, ಬಾಗಿಲು ಎತ್ತ ಕಡೆಗೆಂದು ನೀವು ಹೇಳಲೇ ಇಲ್ಲವಲ್ಲ?" ಎಂದು ಜೇನು ಕೇಳಿತು.

"ಹೇಳಿದೆನಲ್ಲಮ್ಮ! ನಮ್ಮ ಬಾಗಿಲು ನೆಲದ ಕಡೆ ಬಾಯಿ ಬಿಟ್ಟಿದ್ದಕ್ಕೇ ಹಾವಿಗೆ ಹಿಡಿತ ಸಿಗದೆ ದೊಪ್ಪನೆ ಬಿದ್ದದ್ದು!"

ಜೇನು ಕಸದ ಗುಡ್ಡೆಗೆ ಹೋಗಿ, ಹಾವಿನ ಕಥೆಯನ್ನು ಹೆಕ್ಕಿ ತಂದು ಖಾಲಿ ಕೋಣೆಯಲ್ಲಿ ಕೂರಿಸಿತು.

ಗಂಡು ಆ ಕೋಣೆಗಳಲ್ಲಿದ್ದಂತೆಯೇ ಗೂಡನ್ನು ಮತ್ತೆ ಹೆಣೆಯಿತು. ಅಮಾವಾಸ್ಯೆಗೆ ಬಂದ ಹೆಣ್ಣು ಕೆಳಗಿನಿಂದ ಒಳಹೊಕ್ಕು, ಒಳಗಿನಿಂದಲೇ ಕೂಗಿತು: "ಹಾಸಲು ಮೆತ್ತನೆಯದೇನಾದರೂ ತನ್ನಿ. ನಾನಿನ್ನು ಇಳಿಯುವುದಿಲ್ಲ."