ಬಾಲವಿಲ್ಲದ ಒಂಟೆಯ ಕೆರೆ

ಬನ್ನಿಹಾಳದ ಕೆರೆ ಏರಿಯ ಮೇಲೆ ಒಂದು ಕಲ್ಲುಮಂಟಪವಿದೆ. ಈ ಕೆರೆಗೆ ಎಲ್ಲರೂ ಒಂಟೆಗೆರೆ ಎನ್ನುತ್ತಾರೆ. ಸುತ್ತ ಹತ್ತು ಹರದಾರಿಯಲ್ಲಿ ಒಂಟೆ ಕಂಡವರಿಲ್ಲ. ಸರ್ಕಸ್ಸಿನವರೂ ಇತ್ತ ಸುಳಿದಿಲ್ಲ. ಮತ್ತೆ ಈ ಹೆಸರೇಕೆ ಎಂದು ಕೇಳುವವರು ಮೊದಲು ಕೂಡಬೇಕು, ನಿಂತವರಿಗೆ ನಾನು ಕಥೆ ಹೇಳುವವನಲ್ಲ.

ಹಿಂದೆ ಒಮ್ಮೆ, ಸುಲ್ತಾನರ ಕಾಲದಲ್ಲಿ, ಪರ್ಷಿಯಾದ ಕಡೆಯಿಂದ ಫರೀದೂನನೆಂಬ ಚಿತ್ರಗಾರ ಇಲ್ಲಿಗೆ ಬಂದನಂತೆ. ಅರಮನೆಯ ಕಾವ್ಯದ ಹೊತ್ತಗೆಗಳಿಗೆ ಚಿತ್ರ ಬರೆದ ಕೈ ಅವನದು. ನಮ್ಮ ಜನ ಅವನನ್ನು ಪರೀದಪ್ಪ ಮಾಡಿಕೊಂಡರು. ಜೋಳದ ರೊಟ್ಟಿ ತಿಂದು ಇಪ್ಪತ್ತು ವರ್ಷ ಇಲ್ಲೇ ಕಳೆದ. ಬತ್ತಿದ ಕೆರೆಯಲ್ಲಿ ಹಸುವೊಂದು ಗೊರಸಿನಿಂದ ಕೆದರಿ ನೀರು ಚಿಮ್ಮಿಸಿದ್ದು, ಆನೆ, ಎತ್ತು, ಕೊಕ್ಕರೆ ಸಾಲಾಗಿ ಬಂದು ಕುಡಿದದ್ದು, ಈ ಕಥೆಯನ್ನು ಕಥೆ ಹೇಳುವ ಮುದುಕಿ ಹುಲಿಗೆವ್ವನಿಂದ ಕೇಳಿ ಮಂಟಪದ ಗೋಡೆಗೆ ಇಳಿಸಿದ. ಸಾಲಿನ ಕೊನೆಗೆ, ತನ್ನ ತಾಯಿ ಹೇಳುತ್ತಿದ್ದ ಕಥೆಯ ಒಂಟೆಯನ್ನೂ ನಿಲ್ಲಿಸಿಬಿಟ್ಟ. ಊರಗೌಡ ನೀಲನಗೌಡ ನೋಡಿ ಕೆಂಡವಾದ. "ನಮ್ಮ ಕಥಿಯಾಗ ಇಲ್ಲದ ಪ್ರಾಣಿ ನಮ್ಮ ಗ್ವಾಡಿ ಮ್ಯಾಲೆ ಯಾಕ? ಸುಣ್ಣ ಬಳೀರಿ! ಒಲ್ಲೆ ಅಂದ್ರ ಅವನೂ ಊರು ಬಿಡ್ಲಿ!" ಆಳು ಒಂಟೆಯ ಬಾಲದಿಂದಲೇ ಸುಣ್ಣ ಬಳಿಯಲು ಶುರುಮಾಡಿದ. ಪರೀದಪ್ಪನ ಕಣ್ಣು ತುಂಬಿ ಬಂತು. "ಗೌಡ್ರ, ಅಲ್ಲಿಗೆ ಹೋದ್ರ ಇಲ್ಲಿಯವ ಅಂತಾರ. ಇಲ್ಲಿ ನೀವು ಅಲ್ಲಿಯವ ಅಂತೀರಿ. ನಾ ಎಲ್ಲಿ ನಿಂದರ್ಲಿ?"

ಆಗ ಹುಲಿಗೆವ್ವ, "ತಡೀರಿ, ಮೊದಲ ಕಥಿ ಕೇಳ್ರಿ, ಆಮ್ಯಾಲೆ ಅಳಿಸ್ರಿ" ಎಂದಳು. ನಮ್ಮಲ್ಲೊಂದು ಪದ್ಧತಿ: ಕಥೆ ನಡೆಯುವಾಗ ಹಿರಿಯರೊಬ್ಬರು ಹೂಂಗುಡಬೇಕು, ಹೂಂ ಎಂದ ಮಾತನ್ನು ಮುಂದೆ ಯಾರೂ ಕಥೆಯಿಂದ ತೆಗೆಯುವಂತಿಲ್ಲ. ಗೌಡನೇ ಹೂಂಗುಡಲು ಕೂತ. ಕಥೆ ಎಂದರೆ ಅವನಿಗೆ ಪ್ರಾಣ. ಹಸು ಕೆದರಿತು, ಹೂಂ. ನೀರು ಬಂತು, ಹೂಂ. ಆನೆ ಬಂತು, ಹೂಂ. ಕೇಳುತ್ತ ಕೇಳುತ್ತ ಕಣ್ಣುಮುಚ್ಚಿ ತಲೆದೂಗತೊಡಗಿದ. ಎತ್ತು ಬಂತು, ಹೂಂ. ಕೊಕ್ಕರೆ ಬಂತು, ಹೂಂ. ದೂರದೇಶದಿಂದ ಬಾಯಾರಿ ಒಂಟೆ ಬಂತು... "ಹೂಂ!" ಊರಿಗೆ ಊರೇ ಹೋ ಎಂದು ನಕ್ಕಿತು. ಗೌಡ ಕಣ್ಣುಬಿಟ್ಟು, "ಎಲಾ ಮುದುಕಿ!" ಎಂದವನು ತಾನೂ ಹೊಟ್ಟೆ ಹಿಡಿದು ನಕ್ಕ. "ಆತು, ಬಂದದ್ದು ಬಂದೈತಿ, ನೀರು ಕುಡೀಲಿ ಬಿಡ್ರಿ."

ಇಂದಿಗೂ ಹೋದವರು ನೋಡಬಹುದು. ಒಂಟೆಗೆ ಬಾಲವಿಲ್ಲ, ಅಲ್ಲಿ ಸುಣ್ಣದ ಪಟ್ಟೆಯಿದೆ. ಅದರ ಹಿಂದೆ ಒಬ್ಬ ಮನುಷ್ಯ ಬಗ್ಗಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದಾನೆ. ತಲೆಗೆ ಪರದೇಶದ ಉದ್ದ ಟೊಪ್ಪಿಗೆ, ಸೊಂಟಕ್ಕೆ ನಮ್ಮೂರ ಕಚ್ಚೆ ಧೋತರ. ಮರುದಿನ ಪರೀದಪ್ಪ ತನ್ನನ್ನೇ ಬರೆದುಕೊಂಡದ್ದು ಅದು. ಗೌಡ ಬಂದು ಬಹಳ ಹೊತ್ತು ನೋಡಿದನಂತೆ. ಆಮೇಲೆ, ಈ ಸಲ ಕಣ್ಣು ಬಿಟ್ಟುಕೊಂಡೇ, "ಹೂಂ" ಅಂದನಂತೆ.