ದೂರಿನ ಕಲ್ಲು

ಒಂದಾನೊಂದು ಕಾಲದಲ್ಲಿ ಚೋಟುಗುಡ್ಡ ಅಂತ ಒಂದು ದೇಶ ಇತ್ತಂತೆ. ನಗಬೇಡಿ, ಊರಲ್ಲ, ದೇಶವೇ. ಈ ಗಡೀಲಿ ಒಗ್ಗರಣೆ ಹಾಕಿದ್ರೆ ಆ ಗಡೀಲಿ ಸೀನೋರಂತೆ. ಕೋಟೆಗೆ ಬಾಗಿಲಿತ್ತು, ಗೋಡೆ ಇರಲಿಲ್ಲ. ಆದ್ರೂ ಸಂಜೆಯಾದ್ರೆ ಬಾಗಿಲಿಗೆ ತಪ್ಪದೆ ಅಗಳಿ ಹಾಕೋರು. ಪ್ರಜೆಗಳು ನೂರಕ್ಕೆ ಒಬ್ಬರು ಕಮ್ಮಿ. ಸೈನ್ಯ ಅಂದ್ರೆ ಒಬ್ಬ ಕೊಂಬೂದೋನು, ಅವನಿಗೂ ಉಬ್ಬಸ. ನಮ್ಮ ಮುತ್ತಜ್ಜಂದಿರೂ ಅಲ್ಲಿಯೋರೇ ಅಂತೆ, ಅದಕ್ಕೇ ಇಷ್ಟಕ್ಕೇ ಬಿಡ್ತೀನಿ.

ಆ ದೇಶಕ್ಕೆ ರಾಜ ಅಂತ ಇಲ್ಲ. ಮೊದಲು ಆ ಗುಡ್ಡ ಹತ್ತಿ ಗುಡಿಸಲು ಹಾಕಿದೋನು ಒಬ್ಬ ಕಲ್ಲುಕುಟಿಗ. ಯಾವನೋ ರಾಜ ಅವನ ಮನೆ ಕೆಡವಿ ಕುದುರೆ ಲಾಯ ಕಟ್ಟಿಸಿದ್ದನಂತೆ. ದೂರು ಹೇಳೋಕೆ ಹೋದ್ರೆ ಬಾಗಿಲಲ್ಲೇ ಒದೆ. ಅದಕ್ಕೇ ಅವನು ಗುಡ್ಡದ ನೆತ್ತೀಲಿ ಒಂದು ಕಲ್ಲು ಕಡೆದು ಇಟ್ಟ. "ಇಲ್ಲಿ ಆಳೋರು ಆರು ತಿಂಗಳು ಆಳಲಿ. ಆಮೇಲೆ ಮೂರು ದಿನ ಈ ಕಲ್ಲಿನ ಮೇಲೆ ಕೂತು ದೂರು ಕೇಳಲಿ. ಎಲ್ಲರ ದೂರು ಮುಗಿಯೋತನಕ ಬಾಯಿ ಬಿಡಕೂಡದು" ಅಂದನಂತೆ. ಅವತ್ತಿಂದ ಎಲ್ಲರ ಗುರುತಿನ ಬಿಲ್ಲೆಗಳನ್ನು ಗಡಿಗೇಲಿ ಹಾಕಿ ಇಬ್ಬರನ್ನು ಎತ್ತೋರು. ಒಬ್ಬರೇ ಆದ್ರೆ ಕೊಬ್ಬು ಬರುತ್ತೆ, ಅದಕ್ಕೇ ಇಬ್ಬರು. ಇಬ್ಬರೂ ಹೂಂ ಅಂದ್ರೇನೇ ಯಾವ ಕೆಲಸವಾದ್ರೂ ಆಗೋದು.

ಆ ಸಲ ಬಂದಿದ್ದು ಕುಂಬಾರ ಕಾಟಯ್ಯ, ಮಡಿವಾಳರ ಸಾಕವ್ವ. ಸಾಕವ್ವನಿಗೆ ಚಿಂತೆಯಿಲ್ಲ, ಬಟ್ಟೆ ಒಗೆಯೋಳು ದೂರು ಕೇಳದೆ ಇರ್ತಾಳಾ? ಕಾಟಯ್ಯನಿಗೆ ಮಾತ್ರ ಆಳೋದು ಅಂದ್ರೆ ಇಷ್ಟ, ಕಲ್ಲು ಅಂದ್ರೆ ಎದೆ ಡವಡವ. ಹಿಂದೊಂದು ಸಲ ಅವನು ಕೂತಾಗ ಹೆಂಡತಿ ಹೊಂಬಾಳಿ ಒಬ್ಬಳೇ ಒಂದು ದಿನ ಪೂರ್ತಿ ಮಾತಾಡಿದ್ದಳಂತೆ. ಧಾರೆ ದಿನದಿಂದ ಶುರು ಮಾಡಿ ಮಧ್ಯಾಹ್ನಕ್ಕೆ ಇನ್ನೂ ಮೊದಲ ವರ್ಷದಲ್ಲೇ ಇದ್ದಳಂತೆ.

ಅವಧಿ ಮುಗಿಯೋಕೆ ಇನ್ನು ಆರೇ ದಿನ. ಅಷ್ಟರಲ್ಲಿ ಚಕ್ರವರ್ತಿಯೊಬ್ಬ ಏಳು ರಾಜ್ಯ ಗೆದ್ದು, ದೊಡ್ಡ ದಂಡು ಕಟ್ಟಿಕೊಂಡು ಆ ದಾರೀಲಿ ಬಂದ. ಕೊಂಬೂದೋನು ಒಂದು ಸಲ ಊದಿ, ಕೆಮ್ಮುತ್ತಾ ಕೂತುಬಿಟ್ಟ. ಗೋಡೆಯಿಲ್ಲದ ಬಾಗಿಲು ನೋಡಿ ಚಕ್ರವರ್ತಿ ಹೊಟ್ಟೆ ಹಿಡ್ಕೊಂಡು ನಕ್ಕನಂತೆ. ಕಾಟಯ್ಯ ಹೊಸ ಹೂಜೀಲಿ ತಣ್ಣನೆ ನೀರು ಕೊಟ್ಟ. ಕುಡಿದು ಚಕ್ರವರ್ತಿ ಖುಷಿಯಾಗಿ, "ಏನಯ್ಯಾ, ಕೆಳಗಿನ ಹೊಳೆ, ಅದರ ದಡದ ಏಳು ಊರು, ಎಲ್ಲಾ ಈ ಗುಡ್ಡಕ್ಕೆ ಸೇರಿಸ್ತೀನಿ. ಸಾಯೋತನಕ ನೀನೇ ರಾಜ. ನನ್ನ ಮಾತು ಕೇಳ್ಕೊಂಡು ಇದ್ರಾಯ್ತು" ಅಂದ.

"ಬುದ್ಧೀ, ಕಲ್ಲಿನ ಮೇಲೆ ಕೂರೋದು?"

"ಕಲ್ಲೂ ಇಲ್ಲ, ಮಣ್ಣೂ ಇಲ್ಲ. ರಾಜನಿಗೆ ದೂರು ಹೇಳೋ ಗಂಡು ಯಾವನು?"

ಅಯ್ಯೋ, ಕಾಟಯ್ಯನ ಆಸೆ ಏನು ಕೇಳ್ತೀರಿ! ಹೂಂ ಅನ್ನೋದು ನಾಲಿಗೆ ತುದಿಗೇ ಬಂತು. ಆಗ ಸಾಕವ್ವ ಮುಂದೆ ಬಂದಳು. "ನನ್ನ ಹೂಂ ಕೂಡ ಬೇಕಲ್ಲ ಬುದ್ಧೀ? ನಿಮ್ಮ ಆಳ್ವಿಕೇಲಿ ಯಾರಿಗೂ ದೂರಿಲ್ಲ ಅಂದ್ರೆ ನಾನೂ ಒಪ್ತೀನಿ. ಒಂದು ಗಳಿಗೆ ಕಲ್ಲಿನ ಮೇಲೆ ಕೂತು ತೋರಿಸಿ."

ಚಕ್ರವರ್ತಿಗೆ ಆಟ ಅನ್ನಿಸಿತು. ಮೀಸೆ ತಿರುವಿ ಕೂತ.

ಮೊದಲು ನಮ್ಮೋರು. ನಮ್ಮೋರು ಬಿಡ್ತಾರಾ? ನಿನ್ನ ಕುದುರೆ ನನ್ನ ಹುರುಳಿ ತಿಂತು ಅಂತ ಒಬ್ಬ, ನಿನ್ನ ಆನೆ ಕಟ್ಟೆ ನೀರೆಲ್ಲಾ ಕುಡೀತು ಅಂತ ಒಬ್ಬ. ಚಕ್ರವರ್ತಿ ನಗ್ತಾ ಕೇಳಿದ. ಅವರ ಹಿಂದೆ ಅವನದೇ ದಂಡಿನ, ಈಟಿ ಹಿಡಿದ ಒಬ್ಬ ಮುದುಕ ಸಿಪಾಯಿ ಬಂದು ನಿಂತ.

"ಸ್ವಾಮೀ, ನಿಮ್ಮ ದಂಡು ಸೇರಿ ಹನ್ನೆರಡು ವರ್ಷ ಆಯ್ತು. ತೊಟ್ಟಿಲಲ್ಲಿ ಬಿಟ್ಟು ಬಂದ ಮಗಳು, ಈಗ ಎದುರಿಗೆ ಬಂದ್ರೂ ನನಗೆ ಗುರುತು ಸಿಗಲ್ಲ" ಅಂದು ಗೊಳೋ ಅಂತ ಅತ್ತನಂತೆ.

ಅವನ ಹಿಂದೆ ಇನ್ನೊಬ್ಬ ಸಿಪಾಯಿ. ಅವನ ಹಿಂದೆ ಮತ್ತೊಬ್ಬ. ನೋಡನೋಡ್ತಾ ಸಾಲು ಗುಡ್ಡ ಇಳಿದು ಹೊಳೆ ದಂಡೆ ಮುಟ್ಟಿತು. ಚಕ್ರವರ್ತಿ ನಗು ಎಲ್ಲಿ ಹೋಯ್ತೋ! ಬೆವರು ಒರೆಸ್ಕೊಂಡು ಧಡಕ್ಕನೆ ಎದ್ದ.

"ಏಯ್ ಕುಂಬಾರ, ಭೂಮಿ ಬೇಕೋ ಬೇಡ್ವೋ, ಈಗಲೇ ಹೇಳು!"

ಕಾಟಯ್ಯ ಆ ಸಾಲು ನೋಡಿದ. ಮುದುಕನ ಅಳು ಇನ್ನೂ ಕಿವೀಲೇ ಇತ್ತು.

"ಬೇಡ ಬುದ್ಧೀ. ತೊಂಬತ್ತೊಂಬತ್ತು ಜನರ ದೂರಿಗೇ ನಂಗೆ ಕಾಲು ನಡುಗುತ್ತೆ. ಏಳೂರಿನೋರ ಅಳು ಕೇಳಿಸ್ಕೊಳ್ಳದೆ ರಾಜ ಆಗಿ ಬದುಕೋ ಧೈರ್ಯ ಅಂತೂ ನಂಗಿಲ್ಲ" ಅಂದ.

ಚಕ್ರವರ್ತಿ ಕುದುರೆ ಹತ್ತಿದ. ಮುದುಕ ಸಿಪಾಯಿ ಈಟೀನ ಆ ಗೋಡೆಯಿಲ್ಲದ ಬಾಗಿಲಿಗೆ ಒರಗಿಸಿ, ತನ್ನೂರಿನ ದಾರಿ ಹಿಡಿದ. ಅವನನ್ನು ತಡೆಯೋ ಮುಖ ಚಕ್ರವರ್ತಿಗೆ ಇರಲಿಲ್ಲವಂತೆ.

ಆರು ದಿನ ಕಳೀತು. ಕಾಟಯ್ಯ ಸಾಕವ್ವನ ಪಕ್ಕ ಕಲ್ಲಿನ ಮೇಲೆ ಕೂತ. ಹೊಳೆ ಕೈಬಿಟ್ಟೆಯಲ್ಲೋ, ನಮ್ಮ ಹೆಂಗಸರು ಇನ್ನೂ ಗುಡ್ಡ ಇಳಿದು ನೀರು ಹೊರಬೇಕಲ್ಲೋ ಅಂತ ಎರಡು ದಿನ ಬೈದದ್ದೇ ಬೈದದ್ದು. ಅಂಥ ಜನ ನಾವು! ಮೂರನೇ ದಿನ ಹೊಂಬಾಳಿ ಎದ್ದಳು. ಇವತ್ತಿಗೆ ಹೊತ್ತು ಮುಳುಗಿದಂಗೇ ಅಂತ ಎಲ್ಲರೂ ಬುತ್ತಿ ಬಿಚ್ಚಿದರು.

"ನನ್ನದು ಒಂದೇ ದೂರು. ಆವತ್ತು ಇವ್ರ ಬಾಯಿಗೆ ಹೂಂ ಬಂದಿತ್ತು. ನಾನು ನೋಡಿದೆ" ಅಂದು ಕೂತುಬಿಟ್ಟಳು.

ಬುತ್ತಿ ಬಿಚ್ಚಿದೋರೆಲ್ಲಾ ಮತ್ತೆ ಕಟ್ಟಿದರು. ದೂರೆಲ್ಲಾ ಮುಗಿದಿತ್ತು, ಇನ್ನು ಕಾಟಯ್ಯ ಬಾಯಿ ಬಿಡಬಹುದಿತ್ತು. ಅವನು ತಲೆ ತಗ್ಗಿಸಿ, "ಹೌದು, ಬಂದಿತ್ತು" ಅಂದ. ಹೊಂಬಾಳಿ ಬಂದು ಕೈ ಹಿಡಿದು ಎಬ್ಬಿಸಿ, "ಏಳಿ, ಮುದ್ದೆ ಆರೋಗುತ್ತೆ" ಅಂದಳಂತೆ.

ಅವರು ಅಲ್ಲಿ ದೂರು ಹೇಳ್ಕೊಂಡು ಸುಖವಾಗವ್ರೆ, ನಾವಿಲ್ಲಿ ದೂರು ನುಂಗ್ಕೊಂಡು ಹಿಂಗಿದ್ದೀವಿ.