ಟಿಟ್ಟಿಭಕ್ಕ ಬಾಯಿಬಿಟ್ಟದ್ದು

ಮಕ್ಕಳೇ, ಈ ಟಿಟ್ಟಿಭ ಹಕ್ಕಿಯ ಕತೆ ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ, ನೀವು ಕೇಳಿ.

ಕಾಡಿನೊಳಗಿನ ಒಂದು ಕೆರೆಯ ದಡದಲ್ಲಿ ಟಿಟ್ಟಿಭಕ್ಕ ಇದ್ದಳು. ನೆಲದ ಮೇಲೆಯೇ ಮೊಟ್ಟೆ ಇಡುವ ಹಕ್ಕಿ. ಹೋದ ವರ್ಷ ಅವಳ ಮೊಟ್ಟೆಗಳೆಲ್ಲ ನೀರು ಕುಡಿಯಲು ಬಂದ ಪ್ರಾಣಿಗಳ ಗೊರಸಿಗೆ ಸಿಕ್ಕಿ ಒಡೆದುಹೋಗಿದ್ದವು. ಕೆರೆಯ ನಡುವೆ ಒಂದು ದಿಬ್ಬವಿತ್ತು. ಅಲ್ಲಿಗೆ ಯಾವ ಗೊರಸೂ ಹೋಗುತ್ತಿರಲಿಲ್ಲ. ಬೇಸಿಗೆಯಲ್ಲಿ ಅಪಾಯ ಕಂಡು ಮೊದಲು ಕೂಗಿದವರಿಗೆ ಆ ದಿಬ್ಬ ಕೊಡುವುದು ಅಲ್ಲಿಯ ಪದ್ಧತಿ.

ಒಂದು ಮಧ್ಯಾಹ್ನ ಚಿರತೆ ಬಂತು. ಟಿಟ್ಟಿಭಕ್ಕ ಕಿವಿ ಕಿತ್ತುಹೋಗುವ ಹಾಗೆ ಕಿರುಚಿದಳು. ಅವಳು ಕಿರುಚಿದ ಮೇಲೆ ನವಿಲಪ್ಪನೂ ಕೂಗಿದ. ಎಲ್ಲರೂ ಓಡಿ ಬದುಕಿಕೊಂಡರು. ಓಡುವ ಗಡಿಬಿಡಿಯಲ್ಲಿ ಮೊದಲ ದನಿ ಯಾರದೆಂದು ಯಾರು ನೋಡುತ್ತಾರೆ?

ಸಂಜೆ ಹಿರಿಯ ಕಡವೆ ಸಭೆ ಕರೆದು ಕೇಳಿತು, "ಮೊದಲು ಕೂಗಿದ್ದು ಯಾರಪ್ಪಾ?"

ಆಮೆ ಅಜ್ಜಿ ಟಿಟ್ಟಿಭಕ್ಕನನ್ನು ತಿವಿದಳು. "ಹೇಳೇ!"

"ಎಲ್ಲರಿಗೂ ಗೊತ್ತಿರುತ್ತೆ ಬಿಡಜ್ಜಿ. ನಮ್ಮನ್ನು ನಾವೇ ಹೊಗಳಿಕೊಂಡರೆ ಚೆನ್ನಾಗಿರುತ್ತಾ?"

ನೋಡಿದಿರಾ? ಊರಿಗೆಲ್ಲ ಕೇಳುವ ಗಂಟಲು, ತನ್ನ ಹೆಸರು ಹೇಳಲು ಮಾತ್ರ ಕಟ್ಟಿಹೋಯಿತು!

ನವಿಲಪ್ಪ ಗರಿ ಬಿಚ್ಚಿ ನಿಂತ. "ನಾನೇ ಕೂಗಿದ್ದು. ನಾನಿಲ್ಲದಿದ್ದರೆ ನಿಮ್ಮ ಗತಿ ಏನಾಗುತ್ತಿತ್ತು?"

ಎಲ್ಲರೂ "ಭೇಷ್!" ಎಂದರು. ದಿಬ್ಬ ಅವನಿಗೆ ಹೋಯಿತು. ಟಿಟ್ಟಿಭಕ್ಕ ಮತ್ತೆ ದಡದಲ್ಲಿ, ಎಲ್ಲರೂ ನೀರಿಗೆ ಬರುವ ದಾರಿಯ ಪಕ್ಕದಲ್ಲೇ ನಾಲ್ಕು ಮೊಟ್ಟೆ ಇಟ್ಟಳು.

ವಾರ ಕಳೆಯಲಿಲ್ಲ, ಚಿರತೆ ಮತ್ತೆ ಬಂತು. ನವಿಲಪ್ಪ ದಿಬ್ಬದ ಮೇಲೆ ಕುಣಿಯುತ್ತಿದ್ದ. ಟಿಟ್ಟಿಭಕ್ಕನೇ ಕಿರುಚಿದಳು. ಜಿಂಕೆ, ಕಡವೆ, ಹಂದಿ ಎಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದವು. ಓಡಿದ್ದು ಅವಳ ಮೊಟ್ಟೆಗಳ ಮೇಲೆಯೇ. ಒಂದೂ ಉಳಿಯಲಿಲ್ಲ.

ಸಂಜೆ ಮತ್ತೆ ಸಭೆ. "ಈ ಸಲವೂ ನಾನೇ..." ಎಂದು ನವಿಲಪ್ಪ ಶುರು ಮಾಡಿದ.

"ಸಾಕು ನಿಲ್ಲಿಸು!" ಟಿಟ್ಟಿಭಕ್ಕ ಮುಂದೆ ಬಂದು ನಿಂತಳು. "ಇವತ್ತು ಕೂಗಿದ್ದು ನಾನು. ಮೊನ್ನೆ ಕೂಗಿದ್ದೂ ನಾನೇ."

"ಅಬ್ಬಬ್ಬಾ, ಏನು ಜಂಬ ಇವಳಿಗೆ!" ಎಂದಿತು ಮೊಲ.

ಆಮೆ ಅಜ್ಜಿಗೆ ತಡೆಯಲಾಗಲಿಲ್ಲ. "ಅವನು ಹೇಳಿದಾಗ ಭೇಷ್, ಇವಳು ಹೇಳಿದರೆ ಜಂಬವಾ? ನವಿಲಪ್ಪಾ, ಇವತ್ತು ಚಿರತೆ ಯಾವ ಕಡೆಯಿಂದ ಬಂತು ಹೇಳು."

"ಅದೂ... ಬಿದಿರಿನ ಕಡೆಯಿಂದ."

"ಹೊಂಗೆ ಮರದ ಕಡೆಯಿಂದ," ಎಂದಳು ಟಿಟ್ಟಿಭಕ್ಕ.

ಅದು ಹೊಂಗೆ ಮರದ ಹಿಂದಿನಿಂದ ಹಾರಿದ್ದನ್ನು ಕಡವೆ ಕಣ್ಣಾರೆ ಕಂಡಿತ್ತು. ತಲೆ ತಗ್ಗಿಸಿ, ದಿಬ್ಬವನ್ನು ಟಿಟ್ಟಿಭಕ್ಕನಿಗೆ ಕೊಟ್ಟಿತು. ಅಲ್ಲಿ ಅವಳು ಮತ್ತೆ ಮೊಟ್ಟೆ ಇಟ್ಟಳು. ಒಡೆದ ನಾಲ್ಕನ್ನು ಮಾತ್ರ ಯಾರಿಂದಲೂ ತಂದುಕೊಡಲಾಗಲಿಲ್ಲ.

ಮುಂದಿನ ಬೇಸಿಗೆಯ ಸಭೆಯಲ್ಲಿ ಕಡವೆ "ಮೊದಲು ಕೂಗಿದ್ದು..." ಎನ್ನುವಷ್ಟರಲ್ಲೇ ದಿಬ್ಬದಿಂದ ಉತ್ತರ ಬಂತು: "ನಾನು!"

ನೀತಿ: ಮಾಡಿದ್ದನ್ನು ಮಾಡಿದೆ ಎನ್ನುವುದು ಜಂಬವಲ್ಲ, ಹೇಳದೆ ಕುಳಿತರೆ ನಿನ್ನ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.